ಹೊತ್ತು ಮುಳುಗಿದ ಮೇಲಿನ ಗುಳಿಗೆ

ಚಂಪಾಬಾಯಿ ರೊಟ್ಟಿ ಬಡಿಯುತ್ತಿದ್ದಾಗ ಮಗ ಶಾಂತಿನಾಥ ಹಿಂದಿನಿಂದ ಬಂದು ಅವಳ ತುರುಬು ಹಿಡಿದೆಳೆದ. "ಹಿಟ್ಟಿನ್ಯಾಗ ವಿಷಾ ಕಲಸಾಕತ್ತಿಯೇನ ಅವ್ವಾ?" ಎಂದು ಕಾದ ಹಂಚನ್ನೇ ಒದ್ದ. ಅದು ಅವಳ ಎಡಗೈ ಮೇಲೆ ಬಿದ್ದು ತೊಗಲು ಸುಲಿಯಿತು. ಹಿರಿಮಗ ದಾದಾಸಾಹೇಬ ಓಡಿಬಂದು, ತಮ್ಮನನ್ನು ಕೆಡವಿ, ಎತ್ತಿನ ಹಗ್ಗದಿಂದ ಕಂಬಕ್ಕೆ ಬಿಗಿದು, ಬಾಯಲ್ಲಿ ಬಂದ ರಕ್ತ ಉಗುಳಿದ. "ಇನ್ನ ಇವಗ ಸರಪಳೀನ ಖರೆ."

ಊರ ಸರಕಾರಿ ದವಾಖಾನೆಯ ಡಾಕ್ಟರು ಬಂದು ಸೂಜಿ ಹಾಕಿದರು. ತಲೆ ಕೆಟ್ಟಿದ್ದ ಶಾಂತಿನಾಥ ಈ ಮೊದಲು ಆರು ತಿಂಗಳು ನೆಟ್ಟಗಿದ್ದದ್ದು ಅವರು ಕೊಟ್ಟ ಗುಳಿಗೆಯಿಂದಲೇ. ನರ್ಸ್ ಶೈಲಾ ಸುಟ್ಟ ಕೈಗೆ ಮುಲಾಮು ಹಚ್ಚುತ್ತ ಕೇಳಿದಳು, "ಆಯಿ, ರಾತ್ರಿ ಗುಳಿಗಿ ಕೊಡಾಕತ್ತೀರಿಲ್ರಿ?"

"ನಾವು ಜೈನರು, ಈಗ ಚಾತುರ್ಮಾಸ ಅಲ್ಲೇನವಾ? ಹೊತ್ತ ಮುಳುಗಿದ ಮ್ಯಾಗ ನಮ್ಮ ಮನ್ಯಾಗ ನೀರೂ ಮುಟ್ಟೂದಿಲ್ಲ."

"ಅಯ್ಯ, ಹೊತ್ತ ಮುಳುಗೂದ್ರೊಳಗ ಊಟದ ಜೋಡಿ ಕೊಟ್ಟಿದ್ರ ಆಗತಿತ್ತಲ್ರಿ! ನಮ್ಮನ್ನ ಒಂದ ಮಾತ ಕೇಳಬಾರದೇನ್ರಿ?"

"ಚೊಲೋ ಉಳಿಸಿದಿ ನೋಡವ್ವಾ ಧರ್ಮಾ!" ಎಂದ ದಾದಾಸಾಹೇಬ.

ಮಗ ನಿದ್ದೆಹೋದ ಮೇಲೆ ಚಂಪಾಬಾಯಿಯೇ ಹಗ್ಗ ಬಿಚ್ಚಿದಳು. ಸಂಕೇಶ್ವರದ ತವರಿನಿಂದ ಅವನ ಹೆಂಡತಿ ತೃಪ್ತಿ, "ಅವರು ಗುಳಿಗಿ ತಗೋತಾರೇನ್ರಿ? ಕೂಸಿನ್ನ ಕರಕೊಂಡ ಬರ್ಲೇನ್ರಿ?" ಎಂದು ಬರೆದು ತಿಂಗಳಾಗಿತ್ತು. ಹೌದೆನ್ನಲಾಗದೆ, ಇಲ್ಲವೆನ್ನಲು ನಾಚಿ, ಚಂಪಾಬಾಯಿ ಉತ್ತರ ಬರೆದಿರಲಿಲ್ಲ. ಈಗ ಇನ್‌ಲ್ಯಾಂಡ್ ಕಾಗದ ಬಿಡಿಸಿ ಕೂತು ಬರೆದಳು: "ಗುಳಿಗಿ ಬಿಡಿಸಿದಾಕಿ ನಾನು. ಇವತ್ತ ಭಾಳ ಬಡದಾಡ್ಯಾನ. ತಪ್ಪ ಅವಂದಲ್ಲ, ನಂದು. ಡಾಕ್ಟರ ಹೂಂ ಅನ್ನೂತನಕ ಕೂಸಿನ್ನ ತರಬ್ಯಾಡ." ಯಾರ ಕೈಗೂ ಕೊಡದೆ ತಾನೇ ನಡೆದುಹೋಗಿ ಅಂಚೆಪೆಟ್ಟಿಗೆಗೆ ಹಾಕಿದಳು.