ಕೆಳಗಿಳಿದ ಗೆರೆ

ಕ್ಯಾನ್ಸರಿನ ಹೊಸ ಮಾತ್ರೆಯೊಂದರ ಪ್ರಯೋಗದ ಅಂಕಿಅಂಶಗಳಿಂದ ಎರಡು ತಿಂಗಳ ಹಿಂದೆ ಯಮುನಾ ಬರೆದಿದ್ದ, ಎಷ್ಟು ಜನ ಬದುಕುಳಿದರೆಂದು ತೋರಿಸುವ ಗ್ರಾಫನ್ನು ಅವಳ ಮೇಲಧಿಕಾರಿ ವಾದಿರಾಜರು ಇವತ್ತು ಪರಿಶೀಲನೆಗೆ ಎತ್ತಿಕೊಂಡರು. ಹಳೆಯ ಚಿಕಿತ್ಸೆ ಪಡೆದವರ ಗೆರೆ ಮೇಲಿತ್ತು; ಹೊಸ ಮಾತ್ರೆ ನುಂಗಿದವರದು ಹಗ್ಗ ಕಡಿದ ಕೊಡದಂತೆ ತಳ ಸೇರಿತ್ತು.

“ಇಷ್ಟೊಂದು ಜನ ಸತ್ತಿದ್ರೆ ಆಸ್ಪತ್ರೆಯವರು ಸುಮ್ನಿರ್ತಿದ್ರಾ? ಸತ್ತವರಿಗೆ ಯಾವ ಅಂಕಿ ಹಾಕಿದ್ದಾರೆ, ನೋಡಮ್ಮ.”

ಯಮುನಾ ಫೈಲು ತೆರೆದಳು. ಎಲ್ಲ ಪ್ರಯೋಗಗಳಿಗೂ ಗೊತ್ತುಮಾಡಿದ ಪದ್ಧತಿಯಂತೆ ಅದರಲ್ಲಿ ಸತ್ತವರ ಮುಂದೆ ಸೊನ್ನೆ, ಬದುಕಿರುವವರ ಮುಂದೆ ಒಂದು ಎಂದಿತ್ತು. ಲೆಕ್ಕ ಹಾಕುವ ‘ಆರ್’ ಪ್ರೋಗ್ರಾಮಿಗೋ, ಒಂದು ಎಂದರೆ ಸಾವು. ಅವಳು ಆ ಅಂಕಿಗಳನ್ನು ಹಾಗೇ ಅದಕ್ಕೆ ಕೊಟ್ಟಿದ್ದಳು.

“ಸರ್... ಬದುಕಿರೋರನ್ನೆಲ್ಲ ಸತ್ತೋರು ಅಂತ ಎಣಿಸಿಬಿಟ್ಟಿದ್ದೀನಿ.”

ಒಂದು ಸಾಲು ತಿದ್ದಿದಳು. ಹೊಸ ಮಾತ್ರೆಯ ಗೆರೆ ಮೇಲೆಯೇ ನಿಂತಿತು. ಹಳೆಯ ಚಿಕಿತ್ಸೆಯದು ಕುಸಿಯಿತು.

“ಗೆದ್ವಿ ಬಿಡಮ್ಮ!” ವಾದಿರಾಜರು ಜೋರಾಗಿ ನಕ್ಕರು. “ನಾನೂ ಒಂದು ಕಾಲದಲ್ಲಿ ಮಾಡಿದ ತಪ್ಪೇ ಇದು. ವರದಿ ಇನ್ನೂ ಈ ರೂಮು ದಾಟಿಲ್ಲ. ಯಾರಿಗೇನು ನಷ್ಟ?”

ಯಮುನಾ ನಗಲಿಲ್ಲ. ಹೊರಗೆ ಓಡಿಹೋಗಿ ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣಾ, ಆ ಟ್ರಯಲ್ ಮಾತ್ರೆ...”

“ಇನ್ನೂ ಅದೇ ಚಿಂತೇನಾ ನಿಂಗೆ?” ಅಣ್ಣನ ದನಿ ಸೋತುಹೋಗಿತ್ತು. “ಬಿಡಬೇಡಿ ಅಂತ ನಿಮ್ಮತ್ತಿಗೆ ಎಷ್ಟು ಅತ್ತಳು ಗೊತ್ತಾ? ನನ್ನ ತಂಗಿ ಲೆಕ್ಕ ಯಾವತ್ತಾದ್ರೂ ತಪ್ಪಿದ್ಯಾ ಅಂದವನೇ, ನೀನು ಬೇಡ ಅಂದ ದಿನಾನೇ ನಿಲ್ಲಿಸಿಬಿಟ್ಟೆ.”