ಸತ್ತ ಹುಳುಗಳ ಚಹಾ

ತಂಗಿ ಇಸ್ತ್ರಿಪೆಟ್ಟಿಗೆ ತರಲು ಒಳಗೆ ಹೋದದ್ದೇ ತಡ, ಅಕ್ಕ ಚಹಾದ ಎರಡು ಲೋಟಗಳನ್ನೂ ಅದಲುಬದಲು ಮಾಡಿ, ಏನೂ ಅರಿಯದವಳಂತೆ ಗುಂಡಿಯ ಕಾಜಾ ಹೊಲಿಯುತ್ತ ಕುಳಿತಳು.

ತಿಂಗಳುಗಳಿಂದ ಇದೇ ಕೆಲಸ. ಅಕ್ಕನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆಯ ಜೊತೆಗೆ ಒಂದು ಪುಡಿಯನ್ನೂ ಕೊಟ್ಟಿದ್ದರು. ತಂಗಿ ಅದನ್ನು ಚಹಾಕ್ಕೆ ಕದಡುವುದನ್ನು ಅಕ್ಕ ಮೊದಲ ದಿನವೇ ನೋಡಿದ್ದಳು.

"ಏನೇ ಅದು?"

"ಒಳ್ಳೇ ಬ್ಯಾಕ್ಟೀರಿಯಾ ಅಂತೆ ಕಣಕ್ಕ. ಸಾಯಿಸಿ ಪುಡಿ ಮಾಡಿರ್ತಾರಂತೆ. ಸಕ್ಕರೆ ಹತೋಟಿಗೆ ಬರೋಕೆ ಸಹಾಯ ಆಗ್ಬಹುದು ಅಂದ್ರು."

"ಸುಡೋ ಚಹಾಕ್ಕೆ ಹಾಕ್ತಿದೀಯಲ್ಲ!"

"ಸತ್ತಿರೋದು ಇನ್ನೆಷ್ಟು ಸಾಯುತ್ತೆ ಬಿಡು." ತಂಗಿ ನಕ್ಕಳು. "ನಿನ್ನ ಜೊತೆ ನಾನೂ ಇವತ್ತಿಂದ ಸಕ್ಕರೆ ಬಿಟ್ಟೆ. ಆಣೆಗೂ."

ಸತ್ತ ಹುಳ ತಿನ್ನಿಸಿ ಯಾರಾದರೂ ಕಾಯಿಲೆ ವಾಸಿ ಮಾಡುತ್ತಾರೆಯೇ? ಹೊಲಿಗೆ ಅಂಗಡಿ ಅಕ್ಕನದು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯೂ ಅವಳದೇ. ತಂಗಿಗೆ ಒಮ್ಮೆಯೂ ಮುಟ್ಟಗೊಟ್ಟಿರಲಿಲ್ಲ. "ನಿನ್ನ ಕೈಗೆ ಪೊರಕೆ ಸಾಕು" ಎಂದು ಗಿರಾಕಿಗಳೆದುರೇ ಹಂಗಿಸುತ್ತಿದ್ದಳು. ತಾನು ಸತ್ತರೆ ಕತ್ತರಿ ಯಾರ ಕೈಗೆ? ಪುಡಿ ವಿಷವೆಂದು ನಂಬಲು ಅಷ್ಟು ಸಾಕಾಯಿತು.

ಅಂದಿನಿಂದ ಪುಡಿಯ ಲೋಟ ತಂಗಿಗೆ, ತಂಗಿಯದು ತನಗೆ. ತಂಗಿ ಕೊಟ್ಟ ಮಾತ್ರೆಗಳು ಕಾಲಡಿಯ ಚಿಂದಿಗೆ. ಸಂಜೆ ಚಿಂದಿ ಗುಡಿಸುವವಳು ತಂಗಿಯೇ. ಲೋಟ ಇಟ್ಟ ಮೇಲೆಯೇ ದಿನವೂ ಇಸ್ತ್ರಿಪೆಟ್ಟಿಗೆ ನೆನಪಾಗುವ ಮಂಕು!

ಮೊದಲ ದಿನ ತಂಗಿಯ ಚಹಾ ಸಪ್ಪೆಯಾಗಿತ್ತು. ಮರುದಿನ ಸಿಹಿ. ಒಂದೇ ದಿನಕ್ಕೆ ಮುಗಿಯಿತು ಕಳ್ಳಿಯ ಆಣೆ ಎಂದು ಅಕ್ಕ ಒಳಗೊಳಗೇ ನಕ್ಕಳು. ಬರಬರುತ್ತ ಸಿಹಿ ಏರಿತು. ಚೆಲ್ಲಬಹುದಿತ್ತು. ಆದರೆ ನಾಲಿಗೆ ಬಹಳ ಕಾಲ ಉಪವಾಸವಿತ್ತು. ವಿಷಕ್ಕಿಂತ ಸಕ್ಕರೆ ವಾಸಿ ಎಂದುಕೊಂಡು ಕುಡಿದಳು.

ಅತ್ತ ತಂಗಿ ತೆಳ್ಳಗಾಗತೊಡಗಿದಳು. ಅವಳ ಅಂಗಿಯ ಸೊಂಟವನ್ನು ಅಕ್ಕನೇ ಒಳಗೆ ಹಿಡಿದು ಹೊಲಿದಳು. ಹೊಟ್ಟೆಯೊಳಗೆ ಖುಷಿ.

"ಸೊರಗಿದೀಯ ಕಣೇ. ಚಹಾ ಪೂರ್ತಿ ಕುಡಿ."

"ನೀನೂ ಕುಡಿ ಅಕ್ಕ. ತಳದಲ್ಲಿ ಉಳಿಸ್ಬೇಡ."

ಆಮೇಲೆ ದಾರ ಸೂಜಿಯ ಕಣ್ಣು ತಪ್ಪತೊಡಗಿತು. ಅಕ್ಕ ದೀಪವನ್ನು ಬೈದಳು, ದಾರವನ್ನು ಬೈದಳು, ತಂಗಿಯನ್ನಂತೂ ಮನಸಾರೆ ಬೈದಳು. ಒಂದು ಬೆಳಿಗ್ಗೆ ಕತ್ತರಿಗಾಗಿ ಅಂಗಡಿಯೆಲ್ಲ ತಡಕಿದಳು. ಅದು ಅವಳ ಕಣ್ಣೆದುರೇ ಇತ್ತು.

"ದೃಷ್ಟಿ ಇನ್ನು ವಾಪಸ್ ಬರಲ್ಲ. ಸಕ್ಕರೆ ಮಿತಿ ಮೀರಿದೆ," ಎಂದರು ಡಾಕ್ಟರು. "ಮಾತ್ರೆ, ಪುಡಿ ಏನು ಮಾಡಿದ್ರಿ?"

"ಪುಡಿಯಲ್ಲ, ವಿಷ!" ಅಕ್ಕ ಚೀರಿದಳು. "ಲೋಟ ಬದಲಾಯಿಸಿ ಇವಳಿಗೇ ಕುಡಿಸ್ದೆ. ನೋಡಿ, ಹೇಗೆ ಒಣಗಿದಾಳೆ!"

"ಅದು ನಾನೇ ಕೊಟ್ಟ ಪುಡಿ ಕಣಮ್ಮ. ಇವರು ಆರೋಗ್ಯವಾಗೇ ಇದಾರೆ."

"ನನಗೇನು ಗೊತ್ತಿತ್ತು ಡಾಕ್ಟ್ರೇ..." ತಂಗಿ ಬಿಕ್ಕಿ ಬಿಕ್ಕಿ ಅತ್ತಳು.

ಅಂಗಡಿಗೆ ಮರಳಿ ಅಕ್ಕನನ್ನು ಮೂಲೆಯಲ್ಲಿ ಕೂರಿಸಿದಳು. ದೊಡ್ಡ ಕತ್ತರಿಗೆ ಬೆರಳು ತೂರಿಸಿ ನೋಡಿದಳು, ಅಳತೆ ಸರಿಯಿತ್ತು. ಆಮೇಲೆ ಸಕ್ಕರೆ ಡಬ್ಬಿಯನ್ನು ಬಚ್ಚಲಿಗೆ ಬಗ್ಗಿಸಿ, ತೊಳೆದು ಒರೆಸಿ, ಅದರಲ್ಲಿ ಗುಂಡಿಗಳನ್ನು ತುಂಬಿಟ್ಟಳು.

ಆಣೆ ಮಾಡಿದ ದಿನದಿಂದ ಅವಳು ಒಂದು ಹರಳು ಸಕ್ಕರೆಯನ್ನೂ ಬಾಯಿಗೆ ಹಾಕಿರಲಿಲ್ಲ.