ಒಂದು ಮಾರು ದೂರ

ಅನಂತರಾಜು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದರು. "ಏನ್ ಮೇಡಂ ಇದು, ಮಕ್ಳು ಹಿಂಗ್ ಅಂಟ್ಕಂಡ್ ಕೂತವ್ರೆ? ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ಈ ಜಗಲಿ ಪಾಠನೂ ನಿಂತೋಯ್ತದೆ."

ಹೇಳಿದ್ದು ಸುಳ್ಳಲ್ಲ. ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ಮೇಲೆ, ಗುಬ್ಬಿ ಪಕ್ಕದ ಈ ಊರಿನ ಒಂದನೇ ಕ್ಲಾಸು ನಡೆಯುತ್ತಿದ್ದುದು ಹೂ ಮಾರುವ ಕದರಮ್ಮನ ಮನೆ ಜಗಲಿಯ ಮೇಲೆ. ಸುಶ್ಮಿತಾ ಟೀಚರ್ ತುಮಕೂರಿನ ಬಟವಾಡಿಯಿಂದ ಸ್ಕೂಟರಿನಲ್ಲಿ ಬಂದು ಪಾಠ ಮಾಡುತ್ತಿದ್ದಳು. ಸುತ್ತಲಿನ ಶಾಲೆಗಳ ಉಸ್ತುವಾರಿ ಅನಂತರಾಜು ಅವರದು. ಒಳ್ಳೆಯ ಮನುಷ್ಯ, ಆದರೆ ಈಚೆಗೆ ಅಂತರ, ಅಂತರ ಎಂದು ಜಪ ಮಾಡುವುದು ಅವರಿಗೆ ಚಟವಾಗಿಬಿಟ್ಟಿತ್ತು.

"ಅಲ್ನೋಡಿ ಸರ್, ಅವಳೊಬ್ಳು ನೀವ್ ಹೇಳ್ದಂಗೇ ದೂರ ಕೂತಿದಾಳೆ," ಎಂದು ಸುಶ್ಮಿತಾ ಕಂಬದ ಕಡೆ ತೋರಿಸಿದಳು. "ನನ್ಗೆ ಅವಳದೇ ಯೋಚ್ನೆ."

ಕಂಬಕ್ಕೆ ಒರಗಿ ಕೂತಿದ್ದವಳು ಕದರಮ್ಮನ ಮೊಮ್ಮಗಳು ನಂದಿತಾ. ಅವಳ ಅಮ್ಮ ತುಮಕೂರಿನಲ್ಲಿ ಕೋವಿಡ್ ವಾರ್ಡಿನ ನರ್ಸು. ಒಮ್ಮೆ ಊರಿಗೆ ಬಂದವಳು ರಸ್ತೆಯಲ್ಲೇ ನಿಂತು, ಓಡಿಬಂದ ಮಗಳಿಗೆ "ದೂರ, ದೂರ" ಎಂದು ಕೈ ಅಡ್ಡ ಹಿಡಿದು, ಅಳುತ್ತಲೇ ವಾಪಸು ಹೋಗಿದ್ದಳು. ಅಂದಿನಿಂದ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೆ 'ಎಸ್ ಮಿಸ್' ಕೂಡ ಇಲ್ಲ. ಹೀಗೇ ಬಿಟ್ಟರೆ ಮಗು ಒಳಗೊಳಗೇ ಮುದುಡಿಹೋಗುತ್ತದೆ ಎಂಬ ಹೆದರಿಕೆ ಸುಶ್ಮಿತಾಗೆ. ಟೀಚರ್ ಪಾಡೂ ಅಷ್ಟಕ್ಕಷ್ಟೇ. ಮನೆಯಲ್ಲಿ ಉಬ್ಬಸದ ಅಪ್ಪ, ಹಾಗಾಗಿ ಇವಳಿಗೆ ತಾರಸಿ ಕೋಣೆಯಲ್ಲೇ ಊಟ, ಅಲ್ಲೇ ನಿದ್ದೆ. ಒಬ್ಬರ ಕೈ ತಾಗಿ ಎಷ್ಟು ಕಾಲವಾಯಿತೋ. ಆದರೂ ಬೆಳಗಾದರೆ ಸ್ಕೂಟರು ಹತ್ತುತ್ತಿದ್ದಳು, ಸೋಲುವ ಪೈಕಿ ಅಲ್ಲ ಅವಳು.

"ಅದನ್ನ ಆಮೇಲ್ ನೋಡಣ. ಮೊದ್ಲು ಆರಡಿ ಬಿಟ್ಟು ಕೂರ್ಸಿ," ಎಂದರು ಅನಂತರಾಜು.

"ಆರಡಿ ಅಂದ್ರೆ ಇವಕ್ಕೇನ್ ಗೊತ್ತಾಗುತ್ತೆ ಸರ್?"

ಬಾಗಿಲಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಕದರಮ್ಮ ತಲೆ ಎತ್ತದೆ ಹೇಳಿದಳು. "ಒಂದ್ ಮಾರು ಅನ್ನವ್ವ. ಹೂವ ಅಳೆಯಾದ ದಿನಾ ನೋಡ್ತವೆ, ತಿಳೀತದೆ."

"ನಿನ್ ಮಾರು ನಂಬ್ಕಂಡ್ರೆ ನಾಕಡಿನೂ ಆಗಲ್ಲ, ಬುಡು ಅಜ್ಜಿ," ಎಂದು ಅನಂತರಾಜು ನಕ್ಕರು. ಕದರಮ್ಮನ ಕೈ ಗಿಡ್ಡ ಎಂಬುದು ಗುಬ್ಬಿ ಸಂತೆಯಲ್ಲಿ ಹೂ ಕೊಳ್ಳುವವರ ಹಳೇ ತಕರಾರು.

ಸುಶ್ಮಿತಾ ಎದ್ದು ನಿಂತಳು. "ಮಕ್ಳಾ, ಎಲ್ಲ ಇಲ್ನೋಡಿ. ಒಂದು ಮಾರು ಅಂದ್ರೆ ಇಷ್ಟು." ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದಳು.

ನಂದಿತಾ ಆಗ ತಲೆ ಎತ್ತಿದಳು. ದೊಡ್ಡವರ ಮಾತಿನಲ್ಲಿ 'ಮಾರು' ಎಂಬುದೊಂದೇ ಅವಳ ಕಿವಿಗೆ ಬಿದ್ದಿತ್ತು. ಆದರೆ ಕಣ್ಣಿಗೆ ಕಂಡದ್ದು ಇಷ್ಟೇ, ಮಿಸ್ ತೋಳು ಚಾಚಿ ಕರೆಯುತ್ತಿದ್ದಾರೆ. ಎದ್ದವಳೇ ಓಡಿಬಂದಳು.

"ಮೇಡಂ, ಹಿಂದಕ್ ಸರೀರಿ," ಎಂದರು ಅನಂತರಾಜು.

ಸರಿಯಲು ಜಾಗವಿತ್ತು. ಆದರೆ ಈಗ ತಾನೂ ಕೈ ಅಡ್ಡ ಹಿಡಿದರೆ ಈ ಮಗು ಇನ್ನು ಯಾರ ಹತ್ತಿರವೂ ಓಡುವುದಿಲ್ಲ ಎಂಬುದು ಸುಶ್ಮಿತಾಗೆ ಖಾತ್ರಿಯಾಗಿ ಗೊತ್ತಿತ್ತು. ಮಂಡಿಯೂರಿ, ಮಾಸ್ಕಿನ ಮುಖವನ್ನು ಅತ್ತ ತಿರುಗಿಸಿ, ಚಾಚಿದ್ದ ತೋಳುಗಳನ್ನು ಮಗುವಿನ ಸುತ್ತ ಮಡಿಸಿದಳು.

"ಸೋಪಿದೆ, ನೀರಿದೆ ಸರ್. ತೊಳ್ಕೋತೀವಿ," ಎಂದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

ವರದಿಯ ಫೋಟೋಗೆಂದು ತೆಗೆದಿದ್ದ ಮೊಬೈಲನ್ನು ಅನಂತರಾಜು ಜೇಬಿಗೆ ಹಾಕಿಕೊಂಡರು. ಉಳಿದ ಮಕ್ಕಳು ತೋಳು ಚಾಚಿ ಮಾರು ಅಳೆಯುತ್ತಾ, ಯಾರೂ ಹೇಳದಿದ್ದರೂ ದೂರ ದೂರ ಸರಿದು ಕೂತರು. ಕದರಮ್ಮನ ಬೆರಳಲ್ಲಿ ದಾರ ಹಾಗೇ ನಿಂತಿತ್ತು.

ಸುಶ್ಮಿತಾಳ ಭುಜದ ಹತ್ತಿರ ಒಂದು ಸಣ್ಣ ದನಿ ಕೇಳಿಸಿತು.

"ಮಿಸ್, ನಿಮ್ ಮಾರು ನಮ್ಮಜ್ಜೀದಕ್ಕಿಂತ ದೊಡ್ಡದು."